ಹೊರೆ ಹೊರುವ ಫ್ರೇಮ್ ಯಾವುದು?

ಪ್ರಶ್ನೆ: ದೂರದ ಸೈಕಲ್ ಪ್ರವಾಸಕ್ಕಾಗಿ ಹಳೆಯ ಉಕ್ಕಿನ ಮೌಂಟನ್ ಬೈಕೊಂದನ್ನು ಮಾರ್ಪಡಿಸಿಕೊಳ್ಳಬೇಕೆಂದಿದ್ದೇನೆ. ಗುಡಾರ, ಒಲೆ, ಬಟ್ಟೆಬರೆ ಸೇರಿ ಸುಮಾರು 25 ಕಿಲೋ ಹೊರೆ ಇರುತ್ತದೆ. ನಾಲ್ಕು ಸೈಕಲ್‌ಗಳು ನೋಡಲು ಸಿಕ್ಕಿವೆ. ಒಂದು 1987ರದು, ಅದರ ಹಿಂದಿನ ಬ್ರೇಕ್ ಚೈನ್‌ಸ್ಟೇಯ (ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಚಾಚಿದ ಕೊಳವೆಯ) ಅಡಿಯಲ್ಲಿದೆ. ಎರಡನೆಯದು 1992ರ ರೇಸ್ ಮಾದರಿ, ‘ಟ್ಯಾಂಗೆ ಪ್ರೆಸ್ಟೀಜ್’ ಎಂಬ ಸ್ಟಿಕ್ಕರ್ ಇದೆ, ಬಹಳ ಹಗುರ. ಮೂರನೆಯದು 1991ರ ಮಧ್ಯಮ ದರ್ಜೆಯದು, ಬಣ್ಣ ಅರ್ಧ ಹೋಗಿದೆ, ಬಿಡಿಭಾಗಗಳೂ ಸವೆದಿವೆ. ನಾಲ್ಕನೆಯದು 1998ರದು, ಮುಂದೆ ಸಸ್ಪೆನ್ಷನ್ ಫೋರ್ಕ್ (ಮುಂಚಕ್ರ ಹಿಡಿಯುವ, ಕುಲುಕಾಟ ಹೀರುವ ಕವೆ) ಇದೆ. ನಾಲ್ಕೂ ನನ್ನ ಅಳತೆಯವೇ. ರಸ್ತೆ ಸೈಕಲ್ಲಿನ ದೊಡ್ಡ 700ಸಿ ಚಕ್ರ ಮತ್ತು ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸುವ ಯೋಚನೆ ಇದೆ. ಮನಸ್ಸು ಎರಡನೆಯದರ ಕಡೆಗೆ ವಾಲುತ್ತಿದೆ. ಸರಿಯೇ?

ಉತ್ತರ: ಮೂರನೆಯದನ್ನು ಕೊಳ್ಳಿ. ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಅದು ಪಾಸಾಗಬೇಕು ಎಂಬುದೊಂದೇ ಷರತ್ತು. ಎರಡನೆಯದು ನಾಲ್ಕರಲ್ಲಿ ಅತ್ಯಂತ ಒಳ್ಳೆಯ ಸೈಕಲ್ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ಅದರ ಒಳ್ಳೆಯತನ ನಿಮ್ಮ ಕೆಲಸಕ್ಕೆ ಬರುವಂಥದ್ದಲ್ಲ. ಒಬ್ಬ ಸವಾರನನ್ನು ಮಾತ್ರ ಹೊತ್ತು ಬೆಟ್ಟ ಹತ್ತಿ ಇಳಿಯಲೆಂದು ಅದನ್ನು ಮಾಡಿದ್ದಾರೆ. ನೀವು ಅದರ ಬೆನ್ನಿಗೆ 25 ಕಿಲೋ ಕಟ್ಟಲು ಹೊರಟಿದ್ದೀರಿ.

ಹಳೆಯ ಮೌಂಟನ್ ಬೈಕ್‌ಗಳು ಪ್ರವಾಸಕ್ಕೆ ಏಕೆ ಒಗ್ಗುತ್ತವೆ ಎಂಬುದನ್ನು ಮೊದಲು ನೋಡೋಣ, ಆಯ್ಕೆಯ ಸೂತ್ರ ಅಲ್ಲೇ ಸಿಗುತ್ತದೆ. ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಮೌಂಟನ್ ಬೈಕ್ ಎಂದು ಹೆಸರಾದ ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್ ಬಂದದ್ದು 1981ರಲ್ಲಿ. ಸಸ್ಪೆನ್ಷನ್ ಫೋರ್ಕ್ ಅಂಗಡಿಗೆ ಕಾಲಿಟ್ಟದ್ದು 1990ರ ಆಸುಪಾಸಿನಲ್ಲಿ, ಸಾಮಾನ್ಯ ದರ್ಜೆಯ ಸೈಕಲ್‌ಗಳಿಗೆ ಇಳಿದದ್ದು ಇನ್ನೂ ಕೆಲವು ವರ್ಷಗಳ ಮೇಲೆ. ಈ ನಡುವಿನ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದ ಮೌಂಟನ್ ಬೈಕ್‌ಗಳಿಗೆ ಗಟ್ಟಿ ಫೋರ್ಕ್, ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳು, ಅಗಲ ಟೈರಿಗೆ ಜಾಗ, ಮುಂದೆ ಮೂರು ಹಲ್ಲುಚಕ್ರಗಳ ಕ್ರ್ಯಾಂಕ್ ಇದ್ದವು. ಕೊಂಡವರು ಅದರಲ್ಲೇ ಕೆಲಸಕ್ಕೂ ಹೋಗುತ್ತಿದ್ದರು, ಸಾಮಾನನ್ನೂ ತರುತ್ತಿದ್ದರು. ಹಾಗಾಗಿ ತಯಾರಕರು ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲೇ ತಿರುಪಿನ ರಂಧ್ರಗಳನ್ನು ಕೊಡುತ್ತಿದ್ದರು. ಅತಿ ದುಬಾರಿ ರೇಸ್ ಮಾದರಿಗಳಲ್ಲಿ ಈ ರಂಧ್ರಗಳನ್ನು ಕೈಬಿಟ್ಟದ್ದೂ ಉಂಟು. ಮಧ್ಯಮ ದರ್ಜೆಯಲ್ಲಿ ಬಿಟ್ಟವರು ಕಡಿಮೆ.

ಈಗ ಉಕ್ಕಿನ ವಿಷಯ. ಕೊಳ್ಳುವವರಲ್ಲಿ ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಸಾಧಾರಣ ಉಕ್ಕಾಗಲಿ, ಶಾಖ ಸಂಸ್ಕಾರ ಮಾಡಿದ ಅತ್ಯುತ್ತಮ ಉಕ್ಕಾಗಲಿ, ಬಾಗುವಿಕೆಗೆ ಒಡ್ಡುವ ಪ್ರತಿರೋಧ ಹೆಚ್ಚುಕಡಿಮೆ ಒಂದೇ. ಎಲ್ಲ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವೂ 200 ಗಿಗಾಪ್ಯಾಸ್ಕಲ್ ಆಸುಪಾಸಿನದು, ಸಾಂದ್ರತೆಯೂ ಎಲ್ಲದರದೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಬಲದಲ್ಲಿ. ಒಳ್ಳೆಯ ಉಕ್ಕು ಎಷ್ಟೋ ಹೆಚ್ಚು ಒತ್ತಡದವರೆಗೆ ಶಾಶ್ವತವಾಗಿ ಡೊಂಕಾಗದೆ, ಮುರಿಯದೆ ತಡೆಯುತ್ತದೆ. ಈ ಬಲವನ್ನು ತಯಾರಕರು ಕೊಳವೆಯ ಗೋಡೆಯನ್ನು ತೆಳುಗೊಳಿಸಲು ಬಳಸಿಕೊಳ್ಳುತ್ತಾರೆ. ಫ್ರೇಮ್ ಹಗುರವಾಗುವುದು ಹೀಗೆ. ಜಪಾನಿನ ಟ್ಯಾಂಗೆ ಕಂಪನಿಯ ಪ್ರೆಸ್ಟೀಜ್ ಅಂಥದ್ದು: ಶಾಖ ಸಂಸ್ಕಾರ ಪಡೆದ, ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳ್ಳಗಿರುವ ಕೊಳವೆ. ವ್ಯಾಸ ಅಷ್ಟೇ ಇದ್ದು ಗೋಡೆ ಮಾತ್ರ ತೆಳ್ಳಗಾದಾಗ ಕೊಳವೆಯ ಬಿಗುವು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅದು ಮುರಿಯುವುದಿಲ್ಲ, ಆದರೆ ತಿರುಚಿಕೊಳ್ಳುತ್ತದೆ.

ಹೊರೆಯಿಲ್ಲದೆ ಓಡಿಸುವಾಗ ಈ ಬಳುಕುವಿಕೆಯೇ ಸುಖ, ಉಕ್ಕಿನ ಸವಾರಿ ಹಿತವೆಂದು ಹೊಗಳುವವರು ಹೇಳುವುದೂ ಇದನ್ನೇ. ಹಿಂದೆ ತುಂಬಿದ ಚೀಲಗಳು ಬಂದಾಗ ಕಥೆ ಬೇರೆ. ಹಿಂದಿನ ಭಾರ ಒಂದು ಕಡೆಗೆ ಎಳೆಯುತ್ತದೆ, ಹ್ಯಾಂಡಲ್ ಇನ್ನೊಂದು ಕಡೆಗೆ. ನಡುವಿನ ಮೇಲ್ಕೊಳವೆ ಮತ್ತು ಕೆಳಕೊಳವೆಗಳು ಈ ಎಳೆದಾಟದಲ್ಲಿ ತಿರುಚಿಕೊಳ್ಳುತ್ತವೆ. ಇಳಿಜಾರಿನಲ್ಲಿ ವೇಗ ಏರಿದಾಗ ಮುಂಭಾಗ ಎಡಬಲಕ್ಕೆ ನಡುಗತೊಡಗುತ್ತದೆ. ತಾನಾಗಿ ಬೆಳೆಯುತ್ತ ಹೋಗುವ ನಡುಕ ಇದು. ಒಮ್ಮೆ ಅನುಭವಿಸಿದವರು ಆಮೇಲೆ ಪ್ರತಿಯೊಂದು ಇಳಿಜಾರಿಗೂ ಹೆದರುತ್ತಾರೆ. ಪ್ರವಾಸದ ಅರ್ಧ ಸಂತೋಷ ಇಳಿಜಾರಿನಲ್ಲಿದೆ, ಅದನ್ನು ಕಳೆದುಕೊಳ್ಳಬೇಡಿ. ಎತ್ತರದವರ ಫ್ರೇಮ್‌ಗಳಲ್ಲಿ ಕೊಳವೆಗಳು ಉದ್ದವಿರುವುದರಿಂದ ತೊಂದರೆ ಇನ್ನೂ ಹೆಚ್ಚು. ಮಧ್ಯಮ ದರ್ಜೆಯ ಫ್ರೇಮಿನಲ್ಲಿ ಗೋಡೆ ಒಂದಿಷ್ಟು ದಪ್ಪ, ತೂಕ ಅರ್ಧ ಕಿಲೋ ಜಾಸ್ತಿ ಇದ್ದೀತು. 25 ಕಿಲೋ ಹೊರುವವರಿಗೆ ಈ ಅರ್ಧ ಕಿಲೋ ಲೆಕ್ಕಕ್ಕಿಲ್ಲ, ಅದು ಕೊಡುವ ಸ್ಥಿರತೆ ಮಾತ್ರ ಪ್ರತಿ ಕಿಲೋಮೀಟರಿನಲ್ಲೂ ಕೈಗೆ ತಿಳಿಯುತ್ತದೆ.

ಹಾಗೆಂದು ತೀರಾ ಅಗ್ಗದ ಹೈ-ಟೆನ್ಸೈಲ್ ಉಕ್ಕಿಗೆ ಇಳಿಯಬೇಡಿ. ಅದು ಹೊರೆ ಹೊರುತ್ತದೆ, ನಿಜ. ಆದರೆ ಅಂಥ ಸೈಕಲ್‌ಗಳಲ್ಲಿ ಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್‌ಗಳು ತೆಳು ತಗಡಿನವು, ಬೆಸುಗೆ ಒರಟು, ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಕೆಲವೊಮ್ಮೆ ಒಂದೇ ತುಂಡಿನ ಕ್ರ್ಯಾಂಕಿಗೆ ಮಾಡಿದ್ದು. ಸ್ಟಿಕ್ಕರ್ ಹರಿದುಹೋಗಿದ್ದರೆ ದರ್ಜೆಯನ್ನು ಊಹಿಸಲು ಸೀಟ್ ಪೋಸ್ಟ್ ಸಾಕು. ಅದನ್ನು ಹೊರಗೆಳೆದು ಅದರ ಮೇಲೆ ಒತ್ತಿರುವ ಅಳತೆಯನ್ನು ಓದಿ. ಆ ಕಾಲದ ಬಹುತೇಕ ಫ್ರೇಮ್‌ಗಳ ಸೀಟ್ ಕೊಳವೆಯ ಹೊರವ್ಯಾಸ 28.6 ಮಿ.ಮೀ. ಪೋಸ್ಟ್ 27.2 ಅಥವಾ 27.0 ಇದ್ದರೆ ಗೋಡೆ ತೆಳ್ಳಗಿದೆ, ಒಳ್ಳೆಯ ಉಕ್ಕು. 26.8, 26.6, 26.4 ಇದ್ದರೆ ಮಧ್ಯಮ ದರ್ಜೆಯ ಕ್ರೋಮ್-ಮಾಲಿ ಇರಬಹುದು, ನೀವು ಹುಡುಕುತ್ತಿರುವುದು ಸಾಮಾನ್ಯವಾಗಿ ಇಲ್ಲಿ ಸಿಗುತ್ತದೆ. 26ಕ್ಕಿಂತ ಕೆಳಗಿಳಿದರೆ ದಪ್ಪ ಗೋಡೆಯ ಅಗ್ಗದ ಕೊಳವೆ ಎಂದು ತಿಳಿಯಿರಿ. ಯಾರೋ ತಪ್ಪು ಅಳತೆಯ ಪೋಸ್ಟನ್ನು ತುರುಕಿರುವ ಸಾಧ್ಯತೆಯೂ ಇರುವುದರಿಂದ ಕೊಳವೆಯ ಒಳವ್ಯಾಸವನ್ನೂ ಕ್ಯಾಲಿಪರಿನಿಂದ ಅಳೆದು ನೋಡಿ. ಸ್ಟಿಕ್ಕರ್ ಇದ್ದರೆ ಪೂರ್ತಿ ಓದಿ. ಮುಖ್ಯ ಮೂರು ಕೊಳವೆಗಳು ಮಾತ್ರ ಕ್ರೋಮ್-ಮಾಲಿ ಎಂದು ಬರೆದಿದ್ದರೆ ಫೋರ್ಕ್ ಮತ್ತು ಹಿಂದಿನ ತ್ರಿಕೋನ ಸಾಧಾರಣ ಉಕ್ಕಿನವು. ಪ್ರವಾಸಕ್ಕೆ ಅದೇನೂ ದೊಡ್ಡ ದೋಷವಲ್ಲ.

ಸ್ಟಿಕ್ಕರಿಗಿಂತ ಹೆಚ್ಚು ಮಹತ್ವದ್ದು ಚೈನ್‌ಸ್ಟೇಯ ಉದ್ದ. ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಹಿಂದಿನ ಅಚ್ಚಿನ ನಡುವಿನವರೆಗೆ ಟೇಪು ಹಿಡಿದು ಅಳೆಯಿರಿ. ಎಂಬತ್ತರ ದಶಕದ ಮೊದಲ ಮೌಂಟನ್ ಬೈಕ್‌ಗಳಲ್ಲಿ ಇದು 450 ಮಿ.ಮೀ. ದಾಟುತ್ತಿತ್ತು. ದಶಕದ ಕೊನೆಗೆ ರೇಸಿನ ಹುಚ್ಚು ಹೆಚ್ಚಿ, ಹೆಡ್ ಕೊಳವೆಯ (ಫೋರ್ಕ್ ತೂರುವ ಮುಂದಿನ ಕೊಳವೆಯ) ಕೋನ 71 ಡಿಗ್ರಿ, ಚೈನ್‌ಸ್ಟೇ 420ರಿಂದ 430 ಎಂಬುದು ರೂಢಿಯಾಯಿತು. ಗಿಡ್ಡ ಚೈನ್‌ಸ್ಟೇಯಿಂದ ಎರಡು ತೊಂದರೆ. ಪೆಡಲ್ ತುಳಿಯುವಾಗ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ಬಡಿಯುತ್ತದೆ. ಅದನ್ನು ತಪ್ಪಿಸಲು ಚೀಲವನ್ನು ಹಿಂದಕ್ಕೆ ಸರಿಸಿದರೆ ಭಾರ ಅಚ್ಚಿನ ಹಿಂದೆ ಹೋಗಿ, ಮೇಲೆ ಹೇಳಿದ ನಡುಕಕ್ಕೆ ದಾರಿ ಮಾಡಿಕೊಡುತ್ತದೆ. ಪ್ರವಾಸಕ್ಕೆಂದೇ ಮಾಡಿದ, ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕರ್ ಸೈಕಲ್ಲಿನಲ್ಲಿ ಈ ಉದ್ದ 460 ಮಿ.ಮೀ. ನಿಮ್ಮ ಮೂರನೆಯ ಸೈಕಲ್ಲಿನಲ್ಲಿ 435 ಇದ್ದರೂ ಸಾಕು. 440 ದಾಟಿದರೆ ಉದ್ದದ ಬಗ್ಗೆ ಮತ್ತೆ ಯೋಚಿಸುವುದೇ ಬೇಡ. 425ಕ್ಕಿಂತ ಕಡಿಮೆ ಇದ್ದು ನಿಮ್ಮ ಪಾದ ದೊಡ್ಡದಾಗಿದ್ದರೆ ಬೇರೆ ಫ್ರೇಮ್ ಹುಡುಕುವುದೇ ಲೇಸು.

ಉದ್ದದ ದೃಷ್ಟಿಯಿಂದ 1987ರ ಸೈಕಲ್ ಗೆಲ್ಲಬಹುದು. ಅದರ ದುರದೃಷ್ಟ ಆ ಬ್ರೇಕ್. 1986ರಿಂದ ಮೂರು ನಾಲ್ಕು ವರ್ಷ ಯು-ಬ್ರೇಕನ್ನು ಚೈನ್‌ಸ್ಟೇಯ ಅಡಿಯಲ್ಲಿ ಕೂರಿಸುವ ಫ್ಯಾಶನ್ ನಡೆಯಿತು. ಬ್ರೇಕ್ ಬಲವಾಗಿ ಹಿಡಿಯುತ್ತದೆ, ಆದರೆ ಟೈರು ಎರಚುವ ಕೆಸರೆಲ್ಲ ನೇರ ಅದರ ಮೇಲೇ ಬೀಳುತ್ತದೆ. ಬ್ಲಾಕ್ ಸವೆದಂತೆ ಅದು ರಿಮ್ಮಿನಿಂದ ಮೇಲಕ್ಕೆ ಸರಿದು ಟೈರನ್ನು ಉಜ್ಜತೊಡಗುತ್ತದೆ, ಆಗಾಗ ಬಗ್ಗಿ ನೋಡದಿದ್ದರೆ ಟೈರಿನ ಪಕ್ಕ ಹರಿದೇಹೋಗುತ್ತದೆ. ಅದರ ತೋಳುಗಳು ತಿರುಗುವ ಗೂಟಗಳಿಗೆ ಬೇರೆ ಬಗೆಯ ರಿಮ್ ಬ್ರೇಕುಗಳಾದ ಕ್ಯಾಂಟಿಲಿವರ್ ಅಥವಾ ವಿ-ಬ್ರೇಕ್ ಹಾಕಲಾಗದು. ಅವುಗಳ ಗೂಟ ರಿಮ್ಮಿನ ಕೆಳಗಿರಬೇಕು, ಯು-ಬ್ರೇಕಿನ ಗೂಟ ಟೈರಿನ ಕಡೆಗಿರುತ್ತದೆ. ಸೀಟಿನ ಕೆಳಗಿನಿಂದ ಹಿಂದಿನ ಅಚ್ಚಿಗೆ ಇಳಿಯುವ ಸೀಟ್‌ಸ್ಟೇಗೆ ಹೊಸ ಗೂಟಗಳನ್ನು ಬೆಸುಗೆ ಹಾಕಿಸಬಹುದು, ಉಕ್ಕಿನ ಭಾಗ್ಯವೇ ಅದು. ಒಳ್ಳೆಯ ಫ್ರೇಮ್ ಕುಶಲಿಯೊಬ್ಬರು ನಿಮಗೆ ಪರಿಚಿತರಾಗಿದ್ದರೆ ಯೋಚಿಸಿ, ಇಲ್ಲವಾದರೆ ಬಿಡಿ.

ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1998ರ ಹೊತ್ತಿಗೆ ಫ್ರೇಮ್‌ಗಳನ್ನು ಉದ್ದ ಸಸ್ಪೆನ್ಷನ್ ಫೋರ್ಕಿಗೆ ತಕ್ಕಂತೆ ರೂಪಿಸುತ್ತಿದ್ದರು. ಅದನ್ನು ತೆಗೆದು ಹಳೆಯ ಗಟ್ಟಿ ಫೋರ್ಕ್ ತೂರಿಸಿದರೆ ಮುಂಭಾಗ ಕುಸಿಯುತ್ತದೆ. ಫೋರ್ಕಿನ ಉದ್ದ 10 ಮಿ.ಮೀ. ಕಡಿಮೆಯಾದರೆ ಹೆಡ್ ಕೋನ ಸುಮಾರು ಅರ್ಧ ಡಿಗ್ರಿ ಕಡಿದಾಗುತ್ತದೆ. 50 ಮಿ.ಮೀ. ಕುಸಿದರೆ ಕೋನ ಎರಡೂವರೆ ಡಿಗ್ರಿ ಕಡಿದಾಗಿ, ಪೆಡಲ್ ಎರಡು ಸೆಂಟಿಮೀಟರಿನಷ್ಟು ನೆಲಕ್ಕೆ ಹತ್ತಿರವಾಗುತ್ತದೆ. ಅದೇ ಉದ್ದದ ಗಟ್ಟಿ ಫೋರ್ಕುಗಳು ಸಿಗುತ್ತವೆ, ಅಂಥದ್ದನ್ನು ಹಾಕಿದರೆ ಸೈಕಲ್ ಸರಿಯಾಗಿಯೇ ಓಡುತ್ತದೆ. ಮೂಲ ಫೋರ್ಕಿನೊಂದಿಗೇ ಸಿಗುವ ಫ್ರೇಮ್ ಎದುರಿಗಿರುವಾಗ ಈ ಹೆಚ್ಚುವರಿ ಖರ್ಚಿಗೆ ಕಾರಣ ಕಾಣುವುದಿಲ್ಲ.

ಪರೀಕ್ಷೆಗೆ ಬರೋಣ. ಹಗಲು ಬೆಳಕಿನಲ್ಲಿ ಹೋಗಿ. ಒಂದು ಟಾರ್ಚ್, ಐದು ಮೀಟರ್ ದಾರ, ಟೇಪು, ಕ್ಯಾಲಿಪರ್, ಅಲೆನ್ ಕೀಗಳು ಜೊತೆಗಿರಲಿ. ಮೊದಲು ಹೆಡ್ ಕೊಳವೆಯ ಹಿಂದೆ ಬೆರಳಾಡಿಸಿ. ಕೆಳಕೊಳವೆಯ ಅಡಿಭಾಗದಲ್ಲಿ, ಹೆಡ್ ಕೊಳವೆಯಿಂದ ನಾಲ್ಕೈದು ಸೆಂಟಿಮೀಟರ್ ಹಿಂದೆ, ಸಣ್ಣ ಉಬ್ಬು ಅಥವಾ ಅಡ್ಡಗೆರೆಯಂಥ ಬಣ್ಣದ ಬಿರುಕು ಸಿಕ್ಕರೆ ಆ ಸೈಕಲ್ ಎದುರಿನಿಂದ ಏನಕ್ಕೋ ಗುದ್ದಿದೆ. ಕಣ್ಣಿಗೆ ಕಾಣದ್ದು ಹೆಬ್ಬೆರಳಿಗೆ ಸಿಗುತ್ತದೆ. ಮೇಲ್ಕೊಳವೆಯಲ್ಲೂ ಹೀಗೇ ನೋಡಿ. ಉಬ್ಬಿದ್ದರೆ ಅಲ್ಲಿಗೇ ಬಿಟ್ಟು ಬನ್ನಿ, ಎಷ್ಟು ಅಗ್ಗವಾದರೂ ಬೇಡ. ಫೋರ್ಕನ್ನು ಪಕ್ಕದಿಂದ ನೋಡಿದಾಗ ಅದರ ಮೇಲ್ಭಾಗ ಹೆಡ್ ಕೊಳವೆಯ ಗೆರೆಯಲ್ಲೇ ಮುಂದುವರಿಯಬೇಕು. ಹಿಂದಕ್ಕೆ ವಾಲಿದ್ದರೆ ಅದೂ ಗುದ್ದಿನ ಗುರುತೇ. ಆ ಕಾಲದಲ್ಲೂ ಕೆಲವು ಫೋರ್ಕುಗಳ ಕಾಲು ನೇರವಾಗಿದ್ದವು, ಕೆಲವು ಕೆಳಗೆ ಮುಂದಕ್ಕೆ ಬಾಗಿದ್ದವು. ಆ ಬಾಗು ಸಹಜ.

ಆಮೇಲೆ ದಾರದ ಪರೀಕ್ಷೆ. ದಾರದ ಒಂದು ತುದಿಯನ್ನು ಹಿಂದಿನ ಒಂದು ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಸೀಟ್ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರವನ್ನು ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಪರವಾಗಿಲ್ಲ, ಅದನ್ನು ನೇರ ಮಾಡಿಸಬಹುದು. ಐದಾರು ಮಿಲಿಮೀಟರ್ ಇದ್ದರೆ ಫ್ರೇಮ್ ಎಲ್ಲೋ ಪೆಟ್ಟು ತಿಂದಿದೆ.

ತುಕ್ಕಿನ ವಿಷಯದಲ್ಲಿ ನಿಮ್ಮ ಮೂರನೆಯ ಸೈಕಲ್ಲಿನ ಹೋದ ಬಣ್ಣ ನನ್ನನ್ನು ಹೆದರಿಸುವುದಿಲ್ಲ. ಹೊರಗಿನ ಕಂದು ಪುಡಿ ತಂತಿಯ ಬ್ರಷ್ಷಿಗೆ ಹೋಗುತ್ತದೆ. ಹೆದರಬೇಕಾದ್ದು ಒಳಗಿನ ತುಕ್ಕಿಗೆ. ಮಳೆ ನೀರು ಸೀಟ್ ಪೋಸ್ಟಿನ ಪಕ್ಕದಿಂದ ಇಳಿದು ಬಾಟಮ್ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ, ಒಳಗಿನಿಂದ ತಿನ್ನುತ್ತದೆ. ಪೋಸ್ಟ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಸೀಟ್ ಕೊಳವೆಯ ಬುಡ, ಚೈನ್‌ಸ್ಟೇಗಳ ಬುಡ, ಡ್ರಾಪ್‌ಔಟಿನ ಪಕ್ಕದ ತುದಿಗಳಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿ. ಗಟ್ಟಿ ಕೊಳವೆ ಟಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಲ ಚೈನ್‌ಸ್ಟೇಯಲ್ಲಿ ಚೈನ್ ಕೆರೆದ ಗೀರು ಎಷ್ಟು ಆಳವಿದೆ, ಬಲ ಡ್ರಾಪ್‌ಔಟಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಒರೆಸಿ ನೋಡಿ.

ಪೋಸ್ಟ್ ಹೊರಗೆ ಬರಲೇ ಇಲ್ಲವೆಂದರೆ? ಅಲ್ಯೂಮಿನಿಯಂ ಪೋಸ್ಟ್ ಉಕ್ಕಿನ ಕೊಳವೆಯಲ್ಲಿ ವರ್ಷಗಟ್ಟಲೆ ಗ್ರೀಸಿಲ್ಲದೆ ಕುಳಿತರೆ ಎರಡು ಲೋಹಗಳ ನಡುವಿನ ವಿದ್ಯುತ್-ರಾಸಾಯನಿಕ ಕ್ರಿಯೆಯಿಂದ ಕಚ್ಚಿಕೊಂಡುಬಿಡುತ್ತದೆ. ಬಿಡಿಸಲು ಗರಗಸ ಹಿಡಿದು ಗಂಟೆಗಟ್ಟಲೆ ಕೂರಬೇಕಾದೀತು, ಕೊಳವೆಯೂ ಉಳಿಯದಿರಬಹುದು. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮಿಗೂ ಇದೇ ಮಾತು. ಮಾರುವವರ ಎದುರೇ ಎರಡನ್ನೂ ಅಲುಗಿಸಿ ನೋಡಿ, ಅಲುಗದಿದ್ದರೆ ಕೊಳ್ಳಬೇಡಿ.

ಬಿಡಿಭಾಗಗಳು ಸವೆದಿರುವುದು ಚಿಂತೆಯಲ್ಲ, ಅವನ್ನು ಹೇಗೂ ಬದಲಿಸುತ್ತೀರಿ. ಬದಲಿ ಸಿಗದ ಅಳತೆಗಳಿವೆಯೇ ಎಂಬುದೇ ಪ್ರಶ್ನೆ. ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) 1 ಅಥವಾ 1⅛ ಅಂಗುಲದ್ದಾಗಿದ್ದರೆ ನಿಶ್ಚಿಂತೆ. ತೊಂಬತ್ತರ ದಶಕದ ಆರಂಭದಲ್ಲಿ ಕೆಲವರು 1¼ ಅಂಗುಲದ್ದನ್ನು ಬಳಸಿದರು, ಅದಕ್ಕೆ ಬೇರಿಂಗ್ ಬಟ್ಟಲು, ಸ್ಟೆಮ್ ಹುಡುಕುವುದು ಕಷ್ಟ. ಬಾಟಮ್ ಬ್ರಾಕೆಟ್ 68 ಅಥವಾ 73 ಮಿ.ಮೀ. ಅಗಲದ, ತಿರುಪಿನದಾಗಿರಲಿ. ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ ಎಂಬತ್ತರ ದಶಕದ ನಡುವಿನದರಲ್ಲಿ 126, ಆಮೇಲೆ 130, ತೊಂಬತ್ತರ ನಂತರ 135 ಮಿ.ಮೀ. ಇಂದಿನ ರಿಮ್ ಬ್ರೇಕಿನ ಮೌಂಟನ್ ಬೈಕ್ ಹಬ್ಬಿಗೆ ಬೇಕಾದ್ದು 135. 130 ಇದ್ದರೆ ಕೈಯಿಂದ ಸ್ವಲ್ಪ ಹಿಗ್ಗಿಸಿ ಚಕ್ರ ಕೂರಿಸಬಹುದು. 126 ಇದ್ದರೆ ಫ್ರೇಮನ್ನು ಶಾಶ್ವತವಾಗಿ ಹಿಗ್ಗಿಸಿ, ಡ್ರಾಪ್‌ಔಟ್‌ಗಳನ್ನು ಮತ್ತೆ ಸಮಾಂತರಕ್ಕೆ ತರಿಸಬೇಕು. ಉಕ್ಕು ಇದನ್ನು ಸಹಿಸುತ್ತದೆ, ಅಲ್ಯೂಮಿನಿಯಂ ಸಹಿಸದು. ಹಿಂದಿನ ಹಬ್ ಹಲ್ಲುಚಕ್ರಗಳ ಗುಚ್ಛವನ್ನು ತಿರುಪಿನಿಂದ ಬಿಗಿಯುವ ಹಳೆಯ ಫ್ರೀವೀಲ್ ಬಗೆಯದಾಗಿದ್ದರೆ ಅದನ್ನು ಮಾತ್ರ ಖಂಡಿತ ಬದಲಿಸಿ. ಅದರಲ್ಲಿ ಬಲಬದಿಯ ಬೇರಿಂಗ್ ಡ್ರಾಪ್‌ಔಟಿನಿಂದ ಬಹಳ ಒಳಗಿರುತ್ತದೆ, ಆಸರೆಯಿಲ್ಲದ ಅಚ್ಚು ಹೊರೆಗೆ ಬಾಗುತ್ತದೆ. ಹಲ್ಲುಚಕ್ರಗಳು ಜಾರಿ ಕೂರುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಬಂದದ್ದರಿಂದ ಆ ಕಾಟ ಕಡಿಮೆಯಾಯಿತು. ಹಳೆಯ ಕ್ರ್ಯಾಂಕ್ ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಿ. 46-36-26 ಹಲ್ಲುಗಳ ಮೂರು ಚಕ್ರ ಹೊರೆ ಹೊತ್ತು ಏರುವವರಿಗೆ ಹೇಳಿ ಮಾಡಿಸಿದ್ದು.

ಕ್ಯಾರಿಯರಿಗೆ ಡ್ರಾಪ್‌ಔಟಿನ ರಂಧ್ರ ಇರಲೇಬೇಕು, ಭಾರ ಕೂರುವುದು ಅಲ್ಲಿ. ಮೇಲಿನ ರಂಧ್ರ ಇಲ್ಲದಿದ್ದರೆ ಕ್ಲಿಪ್ ಹಾಕಿ ಸಂಭಾಳಿಸಬಹುದು. ಮುಂದೆಯೂ ಚೀಲ ಹಾಕುವವರಾದರೆ ಫೋರ್ಕಿನ ಕಾಲಿನ ನಡುವೆ ರಂಧ್ರವಿರುವುದು ದೊಡ್ಡ ಅದೃಷ್ಟ.

ಇನ್ನು ನಿಮ್ಮ ಎರಡು ಯೋಜನೆಗಳು. 700ಸಿ ಚಕ್ರ ಬೇಡ. 26 ಅಂಗುಲದ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 559 ಮಿ.ಮೀ., 700ಸಿಯದು 622. ಅಂದರೆ ರಿಮ್ 31.5 ಮಿ.ಮೀ. ಮೇಲಕ್ಕೆ ಹೋಗುತ್ತದೆ, ಕ್ಯಾಂಟಿಲಿವರ್ ಬ್ಲಾಕ್‌ಗಳು ಅಲ್ಲಿಗೆ ತಲುಪುವುದಿಲ್ಲ. ಟೈರಿಗೆ, ಮಡ್‌ಗಾರ್ಡಿಗೆ ಇದ್ದ ಜಾಗವೂ ಹೋಗುತ್ತದೆ. ಚಿಕ್ಕ ಚಕ್ರದ ಕಡ್ಡಿಗಳು ಗಿಡ್ಡ, ಹಾಗಾಗಿ ಚಕ್ರ ಗಟ್ಟಿ. ಹೊರೆ ಹೊರುವವರಿಗೆ ಅದು ವರ. 36 ಕಡ್ಡಿಯ ಹಿಂದಿನ ಚಕ್ರ ಕಟ್ಟಿಸಿ, 1.75ರಿಂದ 2 ಅಂಗುಲದ ನಯವಾದ ಟೈರು ಹಾಕಿ. ಪ್ರವಾಸಕ್ಕೆಂದೇ ಮಾಡಿದ 559ರ ಟೈರುಗಳು ಈಗಲೂ ತಯಾರಾಗುತ್ತಿವೆ.

ಡ್ರಾಪ್ ಹ್ಯಾಂಡಲ್ ಹಾಕಬಹುದು, ಆದರೆ ಮೇಲ್ಕೊಳವೆಯ ಉದ್ದ ನೋಡಿಕೊಂಡು. ಮೌಂಟನ್ ಬೈಕಿನ ಮೇಲ್ಕೊಳವೆಯನ್ನು ಚಪ್ಪಟೆ ಹ್ಯಾಂಡಲ್ಲಿಗೆಂದು ಉದ್ದ ಮಾಡಿರುತ್ತಾರೆ. ಡ್ರಾಪ್ ಹ್ಯಾಂಡಲ್ ಕೈಗಳನ್ನು ಇನ್ನೂ 8-10 ಸೆಂಟಿಮೀಟರ್ ಮುಂದಕ್ಕೆ ಒಯ್ಯುತ್ತದೆ. ಸ್ಟೆಮ್ ಎಷ್ಟು ಗಿಡ್ಡ ಮಾಡಿದರೂ ಬೆನ್ನು ಚಾಚಿಕೊಂಡೇ ಇರುತ್ತದೆ. ಡ್ರಾಪ್ ಹ್ಯಾಂಡಲ್ಲಿನ ಸಾಮಾನ್ಯ ಬ್ರೇಕ್ ಲಿವರ್ ಎಳೆಯುವ ಕೇಬಲ್ಲಿನ ಉದ್ದ ಕ್ಯಾಂಟಿಲಿವರಿಗೆ ಸಾಕು, ವಿ-ಬ್ರೇಕಿಗೆ ಸಾಲದು. ಅದಕ್ಕೆ ಬೇರೆ ಲಿವರ್ ಬೇಕು. ಹಿಂದಕ್ಕೆ ಬಾಗಿದ ಹ್ಯಾಂಡಲ್‌ಗಳಲ್ಲಿ ಕೈ ಹಿಡಿಯಲು ಹಲವು ಜಾಗಗಳಿರುತ್ತವೆ, ಇರುವ ಲಿವರ್ ಮತ್ತು ಗೇರ್ ಗುಂಡಿಗಳೂ ಅವಕ್ಕೆ ಹೊಂದುತ್ತವೆ. ನಾನಾದರೆ ಮೊದಲು ಅದನ್ನೇ ಹಾಕಿ ನೋಡುತ್ತೇನೆ.

ಬಣ್ಣದ ಕೆಲಸವನ್ನು ಕೊನೆಗಿಟ್ಟುಕೊಳ್ಳಿ. ಫ್ರೇಮ್ ಹಿಗ್ಗಿಸುವುದು, ನೇರ ಮಾಡಿಸುವುದು, ರಂಧ್ರದ ಬೆಸುಗೆ ಹಾಕಿಸುವುದು ಎಲ್ಲ ಬಣ್ಣಕ್ಕೆ ಮೊದಲೇ ಮುಗಿಯಬೇಕು. ಹಾಗೇ ಬಣ್ಣವಿಲ್ಲದ ಸೈಕಲ್ಲಿಗೆ 25 ಕಿಲೋ ಪೂರ್ತಿ ಹೇರಿ, ವಾಹನವಿಲ್ಲದ ಉದ್ದ ಇಳಿಜಾರಿನಲ್ಲಿ ಮೊದಲು ನಿಧಾನವಾಗಿ, ಆಮೇಲೆ ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸುತ್ತ ಓಡಿಸಿ ನೋಡಿ. ನಡುಕ ಶುರುವಾದರೆ ಮೇಲ್ಕೊಳವೆಯನ್ನು ಮಂಡಿಗಳಿಂದ ಒತ್ತಿ ಹಿಡಿದು, ಮೆಲ್ಲನೆ ಬ್ರೇಕ್ ಒತ್ತಿ ನಿಲ್ಲಿಸಿ. ಭಾರದ ಒಂದು ಭಾಗವನ್ನು ಮುಂದಿನ ಕ್ಯಾರಿಯರಿಗೆ ವರ್ಗಾಯಿಸಿ ಮತ್ತೆ ನೋಡಿ. ಹೆಡ್‌ಸೆಟ್ ಸಡಿಲವಿದೆಯೇ, ಕ್ಯಾರಿಯರಿನ ಬೋಲ್ಟುಗಳು ಬಿಗಿಯಾಗಿವೆಯೇ ಎಂಬುದನ್ನೂ ಪರೀಕ್ಷಿಸಿ. ಇಷ್ಟಾದ ಮೇಲೂ ನಡುಗಿದರೆ ಆ ಫ್ರೇಮಿಗೆ ಬಣ್ಣದ ಹಣ ಸುರಿಯಬೇಡಿ. ನಡುಗದಿದ್ದರೆ ಕೊಳವೆಗಳ ಒಳಗೆ ತುಕ್ಕು ನಿರೋಧಕ ಎಣ್ಣೆ ಹಾಯಿಸಿ, ಸೀಟ್ ಪೋಸ್ಟಿಗೆ ಧಾರಾಳವಾಗಿ ಗ್ರೀಸ್ ಬಳಿದು ಕೂರಿಸಿ. ಗ್ರೀಸ್ ಬಳಿಯುವ ಈ ಕೆಲಸವನ್ನು ಪ್ರತಿ ವರ್ಷವೂ ಮಾಡಬೇಕು.